ಸ್ಟಿಯರಿಂಗ್ ಎಡಕ್ಕೆಳೆಯುವ ದೋಣಿ

ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ ನಮ್ಮ ಸಂಬಂಧಿಕರೊಬ್ಬರ ಫೈಬರ್ ದೋಣಿಯಿದೆ. ಅದಕ್ಕೆ 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಎಂಜಿನ್. ಕಳೆದ ಡಿಸೆಂಬರಿನಲ್ಲಿ ಅದರ ಸ್ಟಿಯರಿಂಗ್ ಎಡಕ್ಕೆ ಎಷ್ಟು ಎಳೆಯುತ್ತಿತ್ತೆಂದರೆ, ಅಳಿವೆ ದಾಟಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ನನ್ನ ಭುಜ ಸೋತುಹೋಗುತ್ತಿತ್ತು. ಉಪ್ಪುನೀರಿಗೆ ಕೇಬಲ್ ತುಕ್ಕು ಹಿಡಿದಿರಬೇಕೆಂದು ಒಂದು ಭಾನುವಾರವಿಡೀ ಅದಕ್ಕೆ ಗ್ರೀಸ್ ತುಂಬಿದೆವು. ಆದರೆ ಎಂಜಿನ್ ನಿಲ್ಲಿಸಿದಾಗ ಅದೇ ಸ್ಟಿಯರಿಂಗ್ ಎರಡೂ ಕಡೆಗೆ ಸಲೀಸಾಗಿ ತಿರುಗುತ್ತಿತ್ತು. ಗುಮಾನಿ ಅಲ್ಲೇ ಹುಟ್ಟಬೇಕಿತ್ತು, ಏಕೆಂದರೆ ಕೇಬಲ್ ಕೆಟ್ಟಿದ್ದರೆ ನಿಂತ ದೋಣಿಯಲ್ಲೂ ಬಿಗಿಯಾಗಿರುತ್ತದೆ. ವೇಗ ಹೆಚ್ಚಿದಾಗ ಮಾತ್ರ, ಅದೂ ಒಂದೇ ಕಡೆಗೆ ಎಳೆದರೆ ಟ್ರಿಮ್, ಅಂದರೆ ಎಂಜಿನ್ ಹಿಂದುಮುಂದಾಗಿ ವಾಲಿರುವ ಕೋನ, ನೋಡಬೇಕು.

ನಮ್ಮಲ್ಲಿ ಆಗಿದ್ದಿಷ್ಟು. ಅಳಿವೆಯ ಮರಳುದಿಬ್ಬಕ್ಕೆ ಫ್ಯಾನು (ಪ್ರೊಪೆಲ್ಲರ್) ತಾಗದಿರಲೆಂದು ಗುಂಡಿ ಒತ್ತಿ ಎಂಜಿನ್ನನ್ನು ತುಸು ಮೇಲಕ್ಕೆತ್ತುತ್ತಿದ್ದೆವು, ದಿಬ್ಬ ದಾಟಿದ ಮೇಲೆ ಇಳಿಸುವುದನ್ನು ಮರೆಯುತ್ತಿದ್ದೆವು.

ಸಾಮಾನ್ಯ ಫ್ಯಾನು, ದೋಣಿಯ ಹಿಂದಿನಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಬಲಬದಿಯ ರೆಕ್ಕೆ ಕೆಳಗಿಳಿಯುತ್ತದೆ, ಎಡಬದಿಯದು ಮೇಲೇರುತ್ತದೆ. ಫ್ಯಾನಿನ ಶಾಫ್ಟ್ ನೀರಿನ ಹರಿವಿಗೆ ಸಮಾಂತರವಾಗಿದ್ದರೆ ಎರಡೂ ಬದಿಯ ನೂಕು ಹೆಚ್ಚುಕಡಿಮೆ ಸಮನಾಗಿರುತ್ತದೆ. ಗುಂಡಿ ಒತ್ತಿ ಎತ್ತಿದಾಗ ಎಂಜಿನ್ನಿನ ಕಾಲು, ಅಂದರೆ ನೀರಿನೊಳಗಿನ ಅದರ ಕೆಳಭಾಗ, ದೋಣಿಯಿಂದ ಹೊರಗೆ ಸರಿದು ಶಾಫ್ಟಿನ ಹಿಂತುದಿ ಮೇಲಕ್ಕೇಳುವುದರಿಂದ, ಮೇಲೇರುವ ಎಡ ರೆಕ್ಕೆ ನೀರನ್ನು ಹೆಚ್ಚು ಕಚ್ಚುತ್ತದೆ, ಆ ಬದಿಯ ನೂಕು ಹೆಚ್ಚಿ ಎಂಜಿನ್ನನ್ನೇ ತಿರುಗಿಸಹೋಗುವುದರಿಂದ ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತದೆ. ಕಾಲನ್ನು ತೀರ ಒಳಗೆ ತಂದರೆ ಎಳೆತ ಬಲಕ್ಕಾಗುತ್ತದೆ; ಜೊತೆಗೆ ದೋಣಿಯ ಮೂತಿ ನೀರಿನಲ್ಲಿ ಊರಿ, ಸಣ್ಣ ತಿರುವಿಗೂ ದೋಣಿ ಗಿರಕ್ಕನೆ ತಿರುಗಿಬಿಡುತ್ತದೆ. ನನ್ನ ಮಟ್ಟಿಗೆ ಭುಜನೋವಿಗಿಂತ ಭಯಪಡಬೇಕಾದದ್ದು ಇದಕ್ಕೆ. ಎಂಜಿನ್ ನಿಲ್ಲಿಸುವ ಸುರುಳಿ ಹಗ್ಗವನ್ನು ಕೈಗೆ ಕಟ್ಟಿಕೊಳ್ಳದೆ ಇಂಥ ದೋಣಿ ಓಡಿಸುವುದು ಹುಂಬತನ.

ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧದಲ್ಲೂ 10 ಅಶ್ವಶಕ್ತಿಯೊಳಗಿನ ಎಂಜಿನ್ನಿನೊಂದಿಗೆ ಕಡಲಿಗಿಳಿಯುವ ನಾಡದೋಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನ್ನಿನ ಹಿಡಿಯೇ ಅವರ ಕೈಯಲ್ಲಿರುವುದರಿಂದ ಎಳೆತ ನೇರವಾಗಿ ಮಣಿಕಟ್ಟಿಗೆ ಬರುತ್ತದೆ. ಅಲ್ಲಿ ಗುಂಡಿಯಿಲ್ಲ, ಬ್ರಾಕೆಟ್ಟಿನ ತೂತುಗಳಲ್ಲೊಂದಕ್ಕೆ ಪಿನ್ ಸಿಕ್ಕಿಸಬೇಕು. ಪಿನ್ ಬದಲಿಸದಿದ್ದರೂ ಬಲೆಯ ರಾಶಿ ಮುಂದಿದ್ದು ಮೂತಿ ತಗ್ಗಿದರೆ ಎಂಜಿನ್ನನ್ನು ಹೊರಗೆ ಸರಿಸಿದಂತೆಯೇ ಆಗುತ್ತದೆ, ಹಿಂದೆ ಭಾರ ಬಿದ್ದರೆ ಒಳಗೆ ತಂದಂತೆ.

ಫ್ಯಾನಿನ ಮೇಲಿನ ತಟ್ಟೆಯಡಿ ಬಾಲದಂಥ ಒಂದು ಸಣ್ಣ ಲೋಹದ ತುಂಡು ಇರುತ್ತದೆ. ಹಲವು ಎಂಜಿನ್ನುಗಳಲ್ಲಿ ತುಕ್ಕಿನಿಂದ ಕಾಯುವುದೂ ಅದೇ ಆದ್ದರಿಂದ ಅದಕ್ಕೆ ಬಣ್ಣ ಬಳಿಯಬಾರದು. ಸ್ಟಿಯರಿಂಗ್ ಯಾವ ಕಡೆಗೆ ಎಳೆಯುತ್ತದೆಯೋ ಈ ತುಂಡಿನ ಹಿಂತುದಿಯನ್ನು ಅದೇ ಕಡೆಗೆ ತುಸು ತಿರುಗಿಸಿ ಬೋಲ್ಟ್ ಬಿಗಿದರೆ, ಅದರ ಮೇಲೆ ಹರಿಯುವ ನೀರು ಎಳೆತಕ್ಕೆ ಎದುರೊತ್ತು ಕೊಡುತ್ತದೆ. ಆದರೆ ಅದು ಸರಿಹೊಂದುವುದು ಒಂದು ವೇಗಕ್ಕೆ ಮತ್ತು ಒಂದು ಟ್ರಿಮ್ಮಿಗೆ ಮಾತ್ರ. ನಾವು ಅದನ್ನು ಮುಟ್ಟಲಿಲ್ಲ. ಈಗ ದಿಬ್ಬ ದಾಟಿದೊಡನೆ ಗುಂಡಿ ಒತ್ತಿ, ಅಂಗೈಯಲ್ಲಿನ ಎಳೆತ ಕರಗುವವರೆಗೆ ಎಂಜಿನ್ ಇಳಿಸುತ್ತೇವೆ. ಅಂದು ತುಂಬಿದ ಗ್ರೀಸ್ ಮಾತ್ರ ಇಂದಿಗೂ ಕೇಬಲ್ಲಿನ ತುದಿಯಿಂದ ಒಸರುತ್ತಿದೆ.