ಕರಿಬೇವಿನ ಹೆಸರಿನ ಹಿಂದಿರುವ ಕಾಗದಗಳು

ಪಿಯು ಮಕ್ಕಳಿಗೆ ಬಾಟನಿ ಹೇಳಿಕೊಡುವ ನನಗೆ ‘ಮುರಾಯ ಕೋನಿಗಿ’ ಅನ್ನೋ ವೈಜ್ಞಾನಿಕ ಹೆಸರು ಬಾಯಿಪಾಠ. ನಾವು ಒಗ್ಗರಣೆಗೆ ಹಾಕುವ ಕರಿಬೇವು ಅದು. ಈ ಕೋನಿಗ್ ಯಾರು ಅಂತ ಹುಡುಕಲು ಹೋದಾಗಲೇ ನನಗೆ ಹಳೆಯ ಕಾಗದಪತ್ರಗಳ ಹುಚ್ಚು ಹಿಡಿದಿದ್ದು.

ಯೋಹಾನ್ ಗೆರಾರ್ಡ್ ಕೋನಿಗ್, ಗಿಡ-ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್‌ನ ಶಿಷ್ಯ. 1768ರಲ್ಲಿ ಕ್ರೈಸ್ತ ಮಿಷನ್ನಿನ ವೈದ್ಯನಾಗಿ ತಮಿಳುನಾಡಿನ ತರಂಗಂಬಾಡಿಗೆ ಬಂದ. ಆಗ ಅದು ಡೇನರ ಕೈಯಲ್ಲಿದ್ದ ಊರು. ಅಲ್ಲಿಂದ ಗುರುವಿಗೆ ಕಾಗದ ಬರೆದ, ಗಿಡಗಳನ್ನು ಒಣಗಿಸಿ ಕಳಿಸಿದ. 1771ರಲ್ಲಿ ಲಿನೇಯಸ್ ಕರಿಬೇವಿಗೆ ‘ಬರ್ಗೆರಾ ಕೋನಿಗಿ’ ಅಂತ ಶಿಷ್ಯನ ಹೆಸರನ್ನೇ ಇಟ್ಟ. ಮುರಾಯ ಆಗಿದ್ದು ಆಮೇಲೆ. ಕೋನಿಗ್ ಹಾಕಿಕೊಟ್ಟ ದಾರಿಯಲ್ಲೇ ತರಂಗಂಬಾಡಿಯಲ್ಲಿ ಗಿಡಗಳನ್ನು ಕೊಟ್ಟು ತೆಗೆದುಕೊಳ್ಳುವ ಒಂದು ಗುಂಪು ಬೆಳೆಯಿತು. ಅದರಲ್ಲಿದ್ದ ಬೆಂಜಮಿನ್ ಹೈನೆ, ಟಿಪ್ಪು ಕಾಲವಾದ ಮೇಲೆ ನಮ್ಮ ಲಾಲ್‌ಬಾಗ್‌ಗೂ ಬಂದ.

ಲಿನೇಯಸ್ 1778ರಲ್ಲಿ ತೀರಿಕೊಂಡ, ಮಗ 1783ರಲ್ಲಿ. ಮನೆಯವರು ಇಡೀ ಸಂಗ್ರಹವನ್ನು ಮಾರಾಟಕ್ಕಿಟ್ಟರು. ಲಂಡನ್ನಿನ ಹೆಸರಾಂತ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ತಾನು ಕೊಳ್ಳದೆ, ತಿಂಡಿಗೆ ಬಂದಿದ್ದ ಜೇಮ್ಸ್ ಎಡ್ವರ್ಡ್ ಸ್ಮಿತ್‌ಗೆ ‘ನೀನು ತಗೋ’ ಅಂದ. ಸ್ಮಿತ್‌ಗೆ ಆಗ 24 ವರ್ಷ, ಇನ್ನೂ ಡಾಕ್ಟರಿ ಓದುತ್ತಿದ್ದ. ಅಪ್ಪನ ಹತ್ತಿರ ದುಡ್ಡು ಕೇಳಿ, ಸಾವಿರ ಗಿನಿ (ಆಗಿನ ಇಂಗ್ಲೆಂಡಿನ ಚಿನ್ನದ ನಾಣ್ಯ) ಕೊಟ್ಟು ಕೊಂಡೇಬಿಟ್ಟ. ಒಣ ಗಿಡ, ಹುಳು, ಚಿಪ್ಪುಗಳ ಜೊತೆ ಪುಸ್ತಕಗಳು, ಸಾವಿರಾರು ಕಾಗದಗಳು ಎಲ್ಲವೂ ಬಂದವು. 1788ರಲ್ಲಿ ಅವನೇ ಮುಂದೆ ನಿಂತು ಲಿನೇಯಸ್ ಹೆಸರಿನ ಲಿನಿಯನ್ ಸೊಸೈಟಿ ಅನ್ನೋ ವಿಜ್ಞಾನ ಸಂಘ ಕಟ್ಟಿದ. ಅವನು ಹೋದ ಮೇಲೆ, 1829ರಲ್ಲಿ, ಸೊಸೈಟಿ 3,150 ಪೌಂಡ್ ಕೊಟ್ಟು ಸಂಗ್ರಹವನ್ನು ಉಳಿಸಿಕೊಂಡಿತು. ಆ ಸಾಲ ತೀರಿಸಲು ದಶಕಗಳೇ ಹಿಡಿದವು.

ಸ್ಮಿತ್ ಕಾಗದಗಳನ್ನೂ ಬಿಡದೆ ತಂದನಲ್ಲ, ನನ್ನ ಮಟ್ಟಿಗೆ ಅದೇ ದೊಡ್ಡ ಕೆಲಸ. ಲಿನೇಯಸ್‌ನ ಹರ್ಬೇರಿಯಂ ಹಾಳೆಗಳನ್ನು, ಅಂದರೆ ಒಣಗಿಸಿದ ಗಿಡ ಅಂಟಿಸಿದ ಹಾಳೆಗಳನ್ನು, ಈಗ ಕಂಪ್ಯೂಟರಿನಲ್ಲೇ ದೊಡ್ಡದು ಮಾಡಿ ನೋಡಬಹುದು. ನಮ್ಮ ಮಕ್ಕಳು ಮಾಡುವ ಹಾಳೆಗಿಂತ ಚಿಕ್ಕವು. ಗಿಡದ ಹೆಸರಿರುತ್ತದೆ. ಕೆಲವದರಲ್ಲಿ ಜೊತೆಗೆ ಬರೀ ಒಂದು ‘ಕೆ’. ಊರು, ತಾರೀಕು ಹೆಚ್ಚಾಗಿ ಇರೋದೇ ಇಲ್ಲ. ಆ ‘ಕೆ’ ನಮ್ಮ ಕೋನಿಗ್ ಅಲ್ಲ. 1748ರಿಂದ 1751ರವರೆಗೆ ಉತ್ತರ ಅಮೆರಿಕ ಸುತ್ತಿದ ಇನ್ನೊಬ್ಬ ಶಿಷ್ಯ, ಪೇರ್ ಕಾಲ್ಮ್. ‘ಎಚ್‌ಯು’ ಅಂತಿದ್ದರೆ ಸ್ವೀಡನ್ನಿನ ಉಪ್ಸಾಲದ ತೋಟದಲ್ಲಿ ಬೆಳೆದದ್ದು. ಇಂಥ ಗುಟ್ಟು ಬಿಡಿಸಲು ಆ ಕಾಲದ ಬರಹಗಳು ಬೇಕೇ ಬೇಕು. ಬರೀ ಹಾಳೆ ಅರ್ಧ ಮಾತಾಡುತ್ತದೆ ಅಷ್ಟೇ.

ಕೋನಿಗ್ 1785ರಲ್ಲಿ ಆಂಧ್ರದ ಕರಾವಳಿಯಲ್ಲಿ ತೀರಿಕೊಂಡ. ತನ್ನ ಕಾಗದಪತ್ರಗಳೆಲ್ಲ ಬ್ಯಾಂಕ್ಸ್‌ಗೆ ಸೇರಬೇಕು ಅಂತ ಬರೆದಿಟ್ಟಿದ್ದ. ಎಲ್ಲೋ ದೂರದಲ್ಲಿ ಸಾಯುವಾಗಲೂ ಅವನಿಗೆ ಆ ಚಿಂತೆ ಇತ್ತು ಅನ್ನೋದು ನನ್ನನ್ನು ಬಹಳ ಕಾಡುತ್ತದೆ.

ನಮ್ಮಲ್ಲಿ ಏನಾಗುತ್ತೆ? ಮೇಷ್ಟ್ರು ರಿಟೈರಾದ ಮೇಲೆ ಹರ್ಬೇರಿಯಂ ಕಪಾಟಿನಲ್ಲಿ ಉಳಿಯುತ್ತದೆ, ಅವರ ಫೀಲ್ಡ್ ನೋಟ್‌ಬುಕ್ಕು ರದ್ದಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲೋ ಕಾಲೇಜಿನಲ್ಲೋ ಅಂಥ ನೋಟ್‌ಬುಕ್ಕು, ಕಾಗದದ ಕಟ್ಟು ಇದ್ದರೆ ದಯವಿಟ್ಟು ತೂಕಕ್ಕೆ ಹಾಕಬೇಡಿ. ಒಂದೊಂದು ಪುಟವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಮೂಲವನ್ನು ಆ ಗಿಡಗಳ ಹಾಳೆ ಇರುವ ಕಪಾಟಿಗೇ ಸೇರಿಸಿ.