ಜೋಡಿ ಕಟ್ಟುವವರ ಕೆಲಸ

ಮೈಸೂರಿನಲ್ಲಿ ದಸರಾ ಕುಸ್ತಿ ನೋಡಲು ಜನ ಮುಗಿಬೀಳುತ್ತಾರೆ. ಅದಕ್ಕೂ ಕೆಲವು ದಿನ ಮುಂಚೆ ಜೋಡಿ ಕಟ್ಟುವುದು ಅಂತ ನಡೆಯುತ್ತದೆ. ಅದನ್ನು ನೋಡಲು ಬರುವವರು ಕಮ್ಮಿ. ಪೈಲ್ವಾನರು, ಅವರ ಉಸ್ತಾದರು, ಜೊತೆಗೆ ನನ್ನಂಥ ಒಂದಷ್ಟು ಹಳೇ ಗಿರಾಕಿಗಳು, ಅಷ್ಟೇ. ಊರೂರಿಂದ ಬಂದ ಹುಡುಗರು ಸಾಲಾಗಿ ನಿಲ್ಲುತ್ತಾರೆ. ಹಿರಿಯರು ವಯಸ್ಸು ಕೇಳುತ್ತಾರೆ, ತೂಕ ಕೇಳುತ್ತಾರೆ, ಯಾವ ಗರಡಿ, ಎಲ್ಲೆಲ್ಲಿ ಆಡಿದ್ದೀಯ ಅಂತ ಕೇಳುತ್ತಾರೆ. ಇಬ್ಬರನ್ನು ಎದುರುಬದುರು ನಿಲ್ಲಿಸಿ ಮೇಲಿಂದ ಕೆಳಗೆ ಒಂದು ಸಲ ನೋಡುತ್ತಾರೆ. ಸರಿ ಅನ್ನಿಸಿದರೆ ಕೈ ಹಿಡಿಸುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ.

2025ರ ಸೆಪ್ಟೆಂಬರ್‌ನಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ನಮ್ಮಕ್ಕನ ಮಗ ಹೆಸರು ಕೊಟ್ಟಿದ್ದ. ಅವನ ಎದುರಿಗೆ ಅವನಷ್ಟೇ ಎತ್ತರದ, ಅವನಷ್ಟೇ ತೂಕದ ಹುಡುಗ ಬಂದು ನಿಂತ. ನಾನು ಆಗಲೇ ಮನಸ್ಸಿನಲ್ಲಿ ಓಕೆ ಮಾಡಿಬಿಟ್ಟಿದ್ದೆ. ಕೂತಿದ್ದ ಹಿರಿಯರೊಬ್ಬರು ತಲೆ ಅಲ್ಲಾಡಿಸಿದರು.

"ತೂಕ ಸರಿಯಾಗೈತಲ್ಲಣ್ಣ" ಅಂದೆ, ತಡೆಯಲಾಗದೆ.

"ತೂಕ ಒಂದೇ ಕಣಯ್ಯ, ಕುಸ್ತಿ ಒಂದಲ್ಲ. ಅವನು ಮೂರು ವರ್ಷದಿಂದ ಕಣಕ್ಕೆ ಇಳೀತಾವ್ನೆ. ನಿನ್ನ ಹುಡುಗನ್ನ ಎರಡು ನಿಮಿಷಕ್ಕೆ ಚಿತ್ ಮಾಡ್ತಾನೆ. ನೋಡೋರಿಗೂ ಸುಖ ಇಲ್ಲ, ಗೆದ್ದೋನಿಗೂ ಹೆಸರಿಲ್ಲ. ಇವನು ನಾಳೆಯಿಂದ ಗರಡಿ ಕಡೆ ತಲೆ ಹಾಕಲ್ಲ."

ಆ ಕೊನೆ ಮಾತು ನನಗೆ ಚುಚ್ಚಿತು. ಯಾಕೆ ಅಂತ ಹೇಳಬೇಕಾದರೆ ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು.

ನಾನು ಮೈಸೂರಿನ ಒಂದು ಏಜೆನ್ಸಿಯಲ್ಲಿ ಸೇಲ್ಸ್ ಸೂಪರ್‌ವೈಸರ್. ಸೋಪು, ಶಾಂಪೂ, ಪೇಸ್ಟು, ಬಿಸ್ಕತ್ತು ಅಂಗಡಿಗಳಿಗೆ ಹಾಕುತ್ತೇವೆ. ನನ್ನ ಕೆಳಗೆ ಎಂಟು ಜನ ಹುಡುಗರು, ಒಬ್ಬೊಬ್ಬರಿಗೆ ಒಂದೊಂದು ಬೀಟು, ಅಂದರೆ ಸುತ್ತಬೇಕಾದ ಅಂಗಡಿಗಳ ಏರಿಯಾ. ಟಾರ್ಗೆಟ್ ಹಂಚುವಾಗ ನನ್ನದು ಒಂದೇ ಲೆಕ್ಕ: ಕಂಪನಿ ಕೊಟ್ಟ ಮೊತ್ತವನ್ನು ಎಂಟರಿಂದ ಭಾಗಿಸು. ಎಲ್ಲರಿಗೂ ಸಮ. ಯಾರೂ ಬಾಯಿ ಬಿಡುವ ಹಾಗಿಲ್ಲ. ಇದನ್ನು ನ್ಯಾಯ ಅಂತಲೇ ನಾನು ನಾಲ್ಕು ವರ್ಷ ನಂಬಿದ್ದೆ.

ಅಷ್ಟರಲ್ಲಿ ಮಾರ್ಕೆಟ್ ಬದಲಾಗುತ್ತಿತ್ತು. ಕುವೆಂಪುನಗರ, ಸರಸ್ವತಿಪುರಂ ಕಡೆ 10 ನಿಮಿಷದಲ್ಲಿ ಮನೆಗೆ ಸಾಮಾನು ತಲುಪಿಸುವ ಆ್ಯಪ್‌ಗಳು ಬಂದವು. ಆ ಕಡೆ ಅಂಗಡಿಯವರು 24 ಶಾಂಪೂ ಬಾಟಲಿ ತೆಗೆದುಕೊಳ್ಳುತ್ತಿದ್ದವರು 6ಕ್ಕೆ ಇಳಿದರು. ದೊಡ್ಡ ಪ್ಯಾಕ್ ಪೂರ್ತಿ ಫೋನಿಗೆ ಹೋಯಿತು, ಅಂಗಡಿಗೆ ಉಳಿದದ್ದು ಸ್ಯಾಶೆ. ತಿ. ನರಸೀಪುರ ರಸ್ತೆಯ ಹಳ್ಳಿ ಅಂಗಡಿಗಳಲ್ಲಿ ಈ ಗಾಳಿಯೇ ಇಲ್ಲ. ಅಲ್ಲಿ ಹಬ್ಬ ಬಂತು ಅಂದರೆ ಬಾಕ್ಸ್‌ಗಟ್ಟಲೆ ಇಳಿಸಿಕೊಳ್ಳುತ್ತಾರೆ. ಇಬ್ಬರು ಹುಡುಗರ ಟಾರ್ಗೆಟ್ ಮಾತ್ರ ಒಂದೇ. ತೂಕ ಒಂದೇ, ಕುಸ್ತಿ ಒಂದಲ್ಲ.

ಕುವೆಂಪುನಗರದ ಹುಡುಗ ಸತತ ಮೂರು ತಿಂಗಳು ಟಾರ್ಗೆಟ್ ಮುಟ್ಟಲಿಲ್ಲ. ಇನ್ಸೆಂಟಿವ್ ಹೋಯಿತು. ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರ ಎದುರು ನಾನು, "ಅವನ ಕೈಲಿ ಆಗುತ್ತೆ, ನಿನ್ನ ಕೈಲಿ ಯಾಕಾಗಲ್ಲ?" ಅಂದುಬಿಟ್ಟೆ. ಅವನು ಏನೂ ಹೇಳಲಿಲ್ಲ. ಜೂನ್ ತಿಂಗಳ ಸಂಬಳ ಆದ ಮಾರನೇ ದಿನ ಬರಲಿಲ್ಲ. ಆಮೇಲೆ ಒಂದು ರಾತ್ರಿ ಮನೆಯಲ್ಲಿ ಕಾಫಿ ಪುಡಿ ಮುಗಿದು ಮಗಳು ಆ್ಯಪ್‌ನಲ್ಲಿ ಆರ್ಡರ್ ಹಾಕಿದಳು. ಬಾಗಿಲು ತೆಗೆದರೆ ಹೆಲ್ಮೆಟ್ ಹಾಕಿಕೊಂಡು ಚೀಲ ಹಿಡಿದು ನಿಂತವನು ಅವನೇ. "ಚೆನ್ನಾಗಿದ್ದೀರಾ ಅಣ್ಣ?" ಅಂದ. ನಾನು ಹೂಂ ಅಂದೆ. ಅಷ್ಟೇ ಮಾತು. ಅವನಿಗೆ ಟೈಮ್ ಇರಲಿಲ್ಲ, ನನಗೆ ಮುಖ ಇರಲಿಲ್ಲ.

ಹಾಗೆ ನೋಡಿದರೆ ನನಗೆ ಇದು ಗೊತ್ತಿರಬೇಕಿತ್ತು. ಹದಿನಾರನೇ ವಯಸ್ಸಿನಿಂದ ಐದಾರು ವರ್ಷ ನಾನೂ ಗರಡಿಗೆ ಹೋದವನು. ಹೊಸಬನನ್ನು ನಮ್ಮ ಉಸ್ತಾದರು ಯಾವತ್ತೂ ಇನ್ನೊಬ್ಬ ಹೊಸಬನ ಜೊತೆ ಬಿಡುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿಲ್ಲ, ಇಬ್ಬರೂ ಕೈಕಾಲು ಮುರಿದುಕೊಳ್ಳುತ್ತಾರೆ. ಪಳಗಿದ ಪೈಲ್ವಾನನ ಜೊತೆ ಬಿಡುತ್ತಿದ್ದರು. ಆದರೆ ಆ ಪಳಗಿದವನಿಗೆ ಗೆಲ್ಲುವ ಅನುಮತಿ ಇರಲಿಲ್ಲ. ಅವನು ತನ್ನ ಮೈ ಕೊಟ್ಟು ಪಟ್ಟು ಹಾಕಿಸಿಕೊಳ್ಳಬೇಕು, ಹುಡುಗನಿಗೆ ಬೀಳುವುದನ್ನು ಕಲಿಸಬೇಕು. ಒಂದು ಸಲ ದೊಡ್ಡ ಪೈಲ್ವಾನನೊಬ್ಬ ನನ್ನನ್ನು ಸುಮ್ನೆ ಜೋರು ತೋರಿಸಲು ಎತ್ತಿ ಹಾಕಿದ. ಉಸ್ತಾದರು ಅವನಿಗೆ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಆಮೇಲೆ ಒಂದು ವಾರ ಕೆಮ್ಮಣ್ಣು ಅಗೆಯುವ ಕೆಲಸ ಅವನದ್ದೇ. ಅರಿಸಿನ, ಎಣ್ಣೆ ಬೆರೆಸಿದ ಆ ಮಣ್ಣು ರಾತ್ರಿ ಕಳೆಯುವುದರೊಳಗೆ ಗಟ್ಟಿಯಾಗಿರುತ್ತದೆ. ಬೆಳಿಗ್ಗೆ ಗುದ್ದಲಿಯಲ್ಲಿ ಪೂರ್ತಿ ಅಗೆದು ಸಡಿಲ ಮಾಡದಿದ್ದರೆ ಬಿದ್ದವನಿಗೆ ಪೆಟ್ಟು ಗ್ಯಾರಂಟಿ.

ಸೇಲ್ಸ್ ಕಾನ್ಫರೆನ್ಸ್‌ಗಳಲ್ಲಿ ಕೋಟು ಹಾಕಿಕೊಂಡು ಬರುವ ಟ್ರೈನರ್‌ಗಳು ಮಾರ್ಕೆಟ್ ಅಂದರೆ ರಣರಂಗ, ನೀವೆಲ್ಲ ಫೈಟರ್‌ಗಳು ಅಂತ ಕೂಗುತ್ತಾರಲ್ಲ, ಅವರಲ್ಲಿ ಒಬ್ಬರೂ ಈ ಮಣ್ಣು ಅಗೆಯುವ ವಿಷಯ ಎತ್ತಿದ್ದು ನಾನು ಕೇಳಿಲ್ಲ. ವಿಜಯದಶಮಿ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವೇ ತೆಗೆದುಕೊಳ್ಳಿ. ಅದಕ್ಕಿಂತ ರಣರಂಗ ಬೇಕಾ? ಜಟ್ಟಿಗಳು ತಲೆ ಬೋಳಿಸಿಕೊಂಡು, ಕೈಗೆ ವಜ್ರನಖ ಅನ್ನುವ ಚೂಪು ಮೊನೆಯ ಆಯುಧ ಹಾಕಿಕೊಂಡು ಇಳಿಯುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಬಂತು ಅಂದರೆ ಮುಗಿಯಿತು, ಬಿಡಿಸುತ್ತಾರೆ. ಅಲ್ಲೂ ಜೋಡಿ ಮೊದಲೇ ಆಗಿರುತ್ತದೆ, ಎಲ್ಲಿ ನಿಲ್ಲಿಸಬೇಕು ಅನ್ನುವುದೂ ಮೊದಲೇ ಗೊತ್ತಿರುತ್ತದೆ.

ಇರಲಿ, ಸೆಪ್ಟೆಂಬರ್‌ಗೆ ಬರುತ್ತೇನೆ. ಆ ತಿಂಗಳು 3ನೇ ತಾರೀಖು ರಾತ್ರಿ ಜಿಎಸ್‌ಟಿ ಇಳಿಕೆ ಘೋಷಣೆ ಆಯಿತು. ಮೈ ಸೋಪು, ಶಾಂಪೂ, ಪೇಸ್ಟು, ಬಿಸ್ಕತ್ತು 18ರಿಂದ 5 ಪರ್ಸೆಂಟ್‌ಗೆ. ಜಾರಿ ಮಾತ್ರ 22ರಿಂದ, ಅಂದರೆ ದಸರಾ ಶುರುವಾಗುವ ದಿನವೇ. ಗಿರಾಕಿಗಳಿಗೆ ಖುಷಿ. ನಮಗೆ ಹತ್ತೊಂಬತ್ತು ದಿನ ಉಪವಾಸ. ಯಾವ ಅಂಗಡಿಗೆ ಹೋದರೂ, "22 ಆದ್ಮೇಲೆ ಬಾರಪ್ಪ, ಹಳೇ ರೇಟಿನ ಮಾಲು ನನ್ನ ತಲೆ ಮೇಲೆ ಹಾಕ್ಬೇಡ." ಅವರದ್ದೂ ತಪ್ಪಲ್ಲ. ಜುಲೈನಲ್ಲಷ್ಟೇ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಟ್ಯಾಕ್ಸ್ ನೋಟಿಸ್ ಬಂದಿತ್ತು. ಟ್ಯಾಕ್ಸ್ ಅನ್ನುವ ಪದ ಕೇಳಿದರೇ ಹೆದರುವ ಸಮಯ.

ನಮ್ಮಲ್ಲಿ ಒಬ್ಬ ಗಟ್ಟಿ ಬಾಯಿಯ ಹುಡುಗ ಇದ್ದಾನೆ. ಸ್ಕೀಮ್ ಹೇಳಿ, ನಗಿಸಿ, ಒತ್ತಾಯ ಮಾಡಿ ಬಾಕ್ಸ್ ಇಳಿಸಿಬಿಡುತ್ತಾನೆ. ಸಂತೆಪೇಟೆಯ ಹೋಲ್‌ಸೇಲ್ ಅಂಗಡಿಗಳು ಅವನವೇ. ಆ ತಿಂಗಳು ಅವನ ಬಾಯಿ ನಡೆಯಲಿಲ್ಲ. ಅವನು ಮಾತಾಡಿದಷ್ಟೂ ಅಂಗಡಿಯವರಿಗೆ ಅನುಮಾನ ಜಾಸ್ತಿ ಆಗುತ್ತಿತ್ತು.

ಜೋಡಿ ಕಟ್ಟುವುದು ನೋಡಿ ಬಂದ ಮಾರನೇ ದಿನ ನಾನು ಬೀಟ್ ಪಟ್ಟಿ ಹರಡಿಕೊಂಡು ಕೂತೆ. ಮೊದಲ ಸಲ ಮೊತ್ತ ಬಿಟ್ಟು ಅಂಗಡಿಗಳನ್ನು ನೋಡಿದೆ. ಯಾವ ಶೆಟ್ಟರಿಗೆ ಭಯ ಜಾಸ್ತಿ, ಯಾರಿಗೆ ಲೆಕ್ಕ ಬೇಕು, ಯಾರಿಗೆ ಹರಟೆ ಬೇಕು. ಆಮೇಲೆ ಸಂತೆಪೇಟೆಗೆ ನಮ್ಮಲ್ಲೇ ಅತಿ ಕಮ್ಮಿ ಮಾತಾಡುವ ಹುಡುಗನನ್ನು ಕಳಿಸಿದೆ. ಓನರ್ ನಕ್ಕರು. "ಅವನು ಬಾಯಿ ಬಿಟ್ಟು ಟೀ ಕೂಡ ಕೇಳಲ್ಲ ಕಣ್ರೀ" ಅಂದರು. ಮೊದಲ ದಿನ ನಾನೂ ಅವನ ಜೊತೆ ಹೋದೆ, ಮಣ್ಣು ಅಗೆಯುವುದಕ್ಕೆ ಅಂತ ಇಟ್ಟುಕೊಳ್ಳಿ.

ಅವನು ಅಂಗಡಿಗೆ ಹೋಗಿ ಆರ್ಡರ್ ಕೇಳಲೇ ಇಲ್ಲ. "ಹಳೇ ಸ್ಟಾಕ್ ಎಣಿಸಿಕೊಳ್ಳಲಾ ಸಾರ್?" ಅಂದ. ಅಕ್ಕಿ ಮೂಟೆ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೇಲಿನ ಬಾಕ್ಸ್ ಇಳಿಸಿ, ಒಡೆದ ಬಾಕ್ಸ್‌ನಲ್ಲಿ ಎಷ್ಟು ಸೋಪು ಉಳಿದಿದೆ ಅಂತ ಒಂದೊಂದಾಗಿ ಎಣಿಸಿದ. ಬಟ್ಟೆ ಒಗೆಯುವ ಪೌಡರ್ ಪಕ್ಕಕ್ಕೆ ತಳ್ಳಿದ. "ಇದು 18ರಲ್ಲೇ ಇರುತ್ತೆ ಸಾರ್, ಇದನ್ನ ಈಗ ತಗೊಂಡ್ರೂ ನಷ್ಟ ಇಲ್ಲ" ಅಂದ. ಎಲ್ಲ ಎಣಿಸಿ, ನೋಟ್‌ಬುಕ್‌ನಲ್ಲಿ ಬರೆದು, ಅಂಗಡಿಯವರ ಕೈಲೇ ಸಹಿ ಹಾಕಿಸಿ ಅವರಿಗೊಂದು ಕಾಪಿ ಕೊಟ್ಟ. ಮುಕ್ಕಾಲು ಗಂಟೆ. ಸೇಲ್ ಆದದ್ದು ಎರಡು ಮೂಟೆ ಪೌಡರ್. ಒಂದು ವಾರದ ಹಿಂದೆ ಆಗಿದ್ದರೆ ಟೈಮ್ ವೇಸ್ಟ್ ಅಂತ ನಾನೇ ಬೈಯುತ್ತಿದ್ದೆ.

23ನೇ ತಾರೀಖು ಅದೇ ಅಂಗಡಿಯವರು ತಾವಾಗೇ ಫೋನ್ ಮಾಡಿದರು. "ಆ ಎಣಿಸೋ ಹುಡುಗನ್ನ ಕಳಿಸಿ." ಹಳೇ ಸ್ಟಾಕ್ ಎಷ್ಟಿತ್ತು, ಅದಕ್ಕೆ ರೇಟ್ ವ್ಯತ್ಯಾಸ ಎಷ್ಟು ಅನ್ನುವ ಲೆಕ್ಕ ಅವರ ಬಳಿಯೂ ಇತ್ತು, ನಮ್ಮ ಬಳಿಯೂ ಇತ್ತು. ಜಗಳಕ್ಕೆ ಜಾಗವೇ ಇರಲಿಲ್ಲ.

ಗಟ್ಟಿ ಬಾಯಿಯವನನ್ನು ನರಸೀಪುರ ರಸ್ತೆಗೆ ಹಾಕಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದ. ಹಳ್ಳಿ ಅಂಗಡಿಗಳಲ್ಲಿ ಹರಟೆ ಹೊಡೆಯಲು ಜನ ಸಿಕ್ಕರು, ಸರಿಹೋದ. ಟಾರ್ಗೆಟ್ ಬೀಟ್ ನೋಡಿ ಬೇರೆ ಬೇರೆ ಮಾಡೋಣ ಅಂದಾಗ ಓನರ್ ಸುಲಭಕ್ಕೆ ಒಪ್ಪಲಿಲ್ಲ. "ಕಮ್ಮಿ ಟಾರ್ಗೆಟ್ ಕೊಟ್ಟರೆ ಸೋಮಾರಿ ಆಗ್ತಾರೆ" ಅನ್ನುವುದು ಅವರ ವಾದ. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಮೂರು ತಿಂಗಳು ನೋಡೋಣ ಅಂತ ಒಪ್ಪಂದ ಆಗಿದೆ.

ಅಕ್ಕನ ಮಗನಿಗೆ ಕೊನೆಗೆ ಇನ್ನೊಬ್ಬ ಹುಡುಗನ ಜೊತೆ ಜೋಡಿ ಕಟ್ಟಿದರು. ಕೊಟ್ಟ ಟೈಮ್ ಮುಗಿಯುವವರೆಗೂ ಇಬ್ಬರೂ ಬೀಳಲಿಲ್ಲ, ಸಮ ಅಂತ ಬಿಡಿಸಿದರು. ಮೈಯೆಲ್ಲ ಮಣ್ಣು ಮಾಡಿಕೊಂಡು ಬಂದವನು ಮೊದಲು ಕೇಳಿದ್ದು, ಮುಂದಿನ ವರ್ಷ ಮತ್ತೆ ಅವನನ್ನೇ ಕೊಡ್ತಾರಾ ಮಾಮ ಅಂತ.

ಕುವೆಂಪುನಗರದ ಬೀಟಿಗೆ ಮಾತ್ರ ಇನ್ನೂ ಸರಿಯಾದ ಹುಡುಗ ಸಿಕ್ಕಿಲ್ಲ. ಅಲ್ಲಿಯವರೆಗೆ ಮಂಗಳವಾರ, ಶುಕ್ರವಾರ ನಾನೇ ಗಾಡಿ ತೆಗೆದುಕೊಂಡು ಹೋಗುತ್ತಿದ್ದೇನೆ. ಹೋದ ವಾರ ಎರಡನೇ ಅಂಗಡಿಯಲ್ಲೇ ಮೂರು ಸ್ಯಾಶೆ ಸರ ಬಿಟ್ಟರೆ ಬೇರೇನೂ ಬೇಡ ಅಂದರು.