ಕಾಗದದ ಮೇಲಿನ ಗಿಗಾಬೈಟ್, ಕೈಗೆ ಸಿಕ್ಕ ಗಿಗಾಬೈಟ್

ಡಿಸ್ಕಿನ ಸಾಮರ್ಥ್ಯವನ್ನು ನಾನು ಮೊದಲಿನಿಂದಲೂ ಕ್ಯಾಸೆಟ್ಟಿನ ಲೆಕ್ಕದಲ್ಲೇ ಅಳೆಯುತ್ತ ಬಂದವನು. ಬಾಗಲಕೋಟೆಯ ನವನಗರದಲ್ಲಿ ಮದುವೆ, ಕುಬಸ, ಜಾತ್ರೆಗಳ ವಿಡಿಯೋ ಮಾಡುವ ನಮ್ಮಂಥವರ ಕೈಗೆ ಹೈ ಡೆಫಿನಿಷನ್ ಎಂಬುದು ಟಿವಿಗಿಂತ ಮೊದಲು ಎಚ್‌ಡಿವಿ ಕ್ಯಾಮೆರಾದ ರೂಪದಲ್ಲಿ ಬಂದಿತು. ಆ ಕ್ಯಾಮೆರಾದಲ್ಲಿ ತುಂಬಿಸಿದ ಒಂದು ಗಂಟೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 12 ಗಿಗಾಬೈಟ್ ಆಗುತ್ತಿತ್ತು. ಬಾದಾಮಿ ಬನಶಂಕರಿಯ ತೇರು ಎಳೆಯುವುದನ್ನಷ್ಟೇ ಹಿಡಿದರೂ ಎರಡು ಕ್ಯಾಸೆಟ್ ಬೇಕು; ಅದನ್ನು ಒಂದಿಷ್ಟೂ ಕುಗ್ಗಿಸದೆ 4.7 ಗಿಗಾಬೈಟಿನ ಡಿವಿಡಿಗಳಲ್ಲಿ ಕಾಯ್ದಿಡುವುದಾದರೆ ಆರು ಡಿಸ್ಕು ಬೇಕು. ಹೀಗಾಗಿ ಎಲ್ಲ ಸ್ಟುಡಿಯೋದವರೂ ಮಾಡುತ್ತಿದ್ದುದು ಒಂದೇ: ಎಚ್‌ಡಿಯಲ್ಲಿ ಶೂಟ್ ಮಾಡುವುದು, ಗಿರಾಕಿಗೆ ಡಿವಿಡಿ ಮಟ್ಟಕ್ಕೆ ಇಳಿಸಿ ಕೊಡುವುದು, ಮೂಲ ಕ್ಯಾಸೆಟ್ಟನ್ನು ಕಪಾಟಿಗೆ ಸೇರಿಸುವುದು. ಆದ್ದರಿಂದ ಡಿವಿಡಿಯ ಜಾಗಕ್ಕೆ ಪೈಪೋಟಿಗಿಳಿದ ಎರಡು ಹೊಸ ಡಿಸ್ಕುಗಳ, ಅಂದರೆ ತೋಷಿಬಾ ಪಾಳಯದ 15 ಗಿಗಾಬೈಟಿನ ಎಚ್‌ಡಿ ಡಿವಿಡಿ, ಸೋನಿ ಪಾಳಯದ 25 ಗಿಗಾಬೈಟಿನ ಬ್ಲೂ-ರೇ ಎಂಬ ಸುದ್ದಿಗಳನ್ನು ಓದಿದಾಗ, ಮೊದಲನೆಯದರಲ್ಲಿ ಒಂದು ಕ್ಯಾಸೆಟ್, ಎರಡನೆಯದರಲ್ಲಿ ಎರಡು ಎಂದೇ ನಾನು ಲೆಕ್ಕ ಹಾಕಿದ್ದು. ಆ ಸಂಖ್ಯೆಗಳು ಎಲ್ಲಿಂದ ಬಂದವು, ಆಮೇಲೆ ಎರಡೂ ಪಾಳಯಗಳು ಅವುಗಳನ್ನು ಹೇಗೆ ಏರಿಸುತ್ತ ಹೋದವು, ಅದರಲ್ಲಿ ಜನರ ಕೈಗೆ ಬಂದದ್ದೆಷ್ಟು ಎಂಬುದನ್ನು ಬರೆದಿಡಬೇಕೆನಿಸಿದೆ.

ಎರಡೂ ಡಿಸ್ಕುಗಳು ಬಳಸಿದ್ದು ಒಂದೇ ಬೆಳಕನ್ನು. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರ ಅವರು 1990ರ ದಶಕದಲ್ಲಿ ಗ್ಯಾಲಿಯಂ ನೈಟ್ರೈಡ್‌ನಿಂದ ಪ್ರಖರವಾದ ನೀಲಿ ಎಲ್‌ಇಡಿಯನ್ನೂ, ಅದರ ಬೆನ್ನಿಗೇ ನೀಲಿ-ನೇರಳೆ ಲೇಸರನ್ನೂ ಮಾಡಿ ತೋರಿಸಿದ ಮೇಲೆ 405 ನ್ಯಾನೋಮೀಟರ್ ತರಂಗಾಂತರದ ಲೇಸರ್ ಡಿಸ್ಕು ತಯಾರಕರಿಗೆ ಎಟುಕಿತು. ಸಿಡಿಯದು 780 ನ್ಯಾನೋಮೀಟರಿನ ಅವಕೆಂಪು ಕಿರಣ, ಡಿವಿಡಿಯದು 650ರ ಕೆಂಪು. ತರಂಗಾಂತರ ಕಿರಿದಾದಂತೆ ಲೇಸರಿನ ಚುಕ್ಕೆಯೂ ಕಿರಿದಾಗುತ್ತದೆ. ಜೊತೆಗೆ ಮಸೂರದ ನ್ಯೂಮರಿಕಲ್ ಅಪರ್ಚರ್, ಅಂದರೆ ಬೆಳಕನ್ನು ಎಷ್ಟು ಅಗಲದ ಕೋನದಿಂದ ಒಂದೆಡೆ ಕೂಡಿಸುತ್ತದೆ ಎಂಬ ಅಳತೆ, ಹೆಚ್ಚಾದಷ್ಟೂ ಚುಕ್ಕೆ ಇನ್ನೂ ಕುಗ್ಗುತ್ತದೆ. ಎರೆಹೊಲದಲ್ಲಿ ಕೂರಿಗೆಯ ಸಾಲುಗಳ ನಡುವಿನ ಅಂತರ ಕಡಿಮೆಯಾದರೆ ಅದೇ ಎಕರೆಯಲ್ಲಿ ಹೆಚ್ಚು ಸಾಲು ಕೂಡುವಂತೆ, ಅದೇ 12 ಸೆಂಟಿಮೀಟರಿನ ತಟ್ಟೆಯಲ್ಲಿ ಸುರುಳಿಯ ಸುತ್ತುಗಳು ಹತ್ತಿರ ಹತ್ತಿರ ಬರುತ್ತವೆ. ಡಿವಿಡಿಯಲ್ಲಿ ಸುತ್ತಿನಿಂದ ಸುತ್ತಿಗೆ 0.74 ಮೈಕ್ರಾನ್ ಅಂತರವಿದ್ದರೆ ಎಚ್‌ಡಿ ಡಿವಿಡಿಯಲ್ಲಿ ಅದು 0.40, ಬ್ಲೂ-ರೇಯಲ್ಲಿ 0.32.

ಈ ಲೆಕ್ಕವನ್ನು ಪೆನ್ನು ಹಿಡಿದು ಯಾರು ಬೇಕಾದರೂ ಮಾಡಿ ನೋಡಬಹುದು. 650ರಿಂದ 405ಕ್ಕೆ ಇಳಿದದ್ದರಿಂದ ಚುಕ್ಕೆ 1.6 ಪಟ್ಟು ಕಿರಿದಾಯಿತು. ಡಿವಿಡಿಯ ಮಸೂರದ ಅಪರ್ಚರ್ 0.60; ಬ್ಲೂ-ರೇಯವರು ಅದನ್ನು 0.85ಕ್ಕೆ ಏರಿಸಿದ್ದರಿಂದ ಮತ್ತೆ 1.42 ಪಟ್ಟಿನ ಲಾಭ. ಎರಡನ್ನೂ ಗುಣಿಸಿದರೆ 2.27 ಬರುತ್ತದೆ. ಸುರುಳಿಯ ಉದ್ದಕ್ಕೂ ಸುತ್ತುಗಳ ಅಡ್ಡಕ್ಕೂ ಈ ಲಾಭ ಸಿಗುವುದರಿಂದ ಅದರ ವರ್ಗ ತೆಗೆದುಕೊಂಡರೆ 5.17, ಅದಕ್ಕೆ ಡಿವಿಡಿಯ 4.7ನ್ನು ಗುಣಿಸಿದರೆ 24.3. ಪೊಟ್ಟಣದ ಮೇಲಿನ 25 ಗಿಗಾಬೈಟ್ ಹುಟ್ಟಿದ್ದು ಹೀಗೆ. ಎಚ್‌ಡಿ ಡಿವಿಡಿಯವರು ಅಪರ್ಚರನ್ನು 0.65ಕ್ಕೆ ಮಾತ್ರ ಒಯ್ದರು. ಅದೇ ಲೆಕ್ಕದಲ್ಲಿ 14.2 ಬರುತ್ತದೆ. ಪಿಆರ್‌ಎಂಎಲ್ ಎಂಬ ಸಂಕೇತ ಗುರುತಿಸುವ ಗಣಿತವೂ ಜೊತೆಗೆ ಸೇರಿ 15 ಆಯಿತು. ಮುಂದೆ ವರ್ಷಗಟ್ಟಲೆ ನಡೆದ ಜಗಳದ ಬೇರು ಮಸೂರದ ಈ ಎರಡು ಸಂಖ್ಯೆಗಳಲ್ಲೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ತೋಷಿಬಾದವರೂ 0.85 ಮಸೂರವನ್ನೇ ಏಕೆ ಹಿಡಿಯಲಿಲ್ಲ ಎಂದರೆ, ಅಪರ್ಚರ್ ಏರಿದಂತೆ ಡಿಸ್ಕು ಕೊಂಚ ಬಾಗಿದರೂ ಚುಕ್ಕೆ ಕದಡಿಹೋಗುತ್ತದೆ, ಆ ದೋಷವು ಅಪರ್ಚರಿನ ಘನದಷ್ಟು ವೇಗದಲ್ಲಿ ಬೆಳೆಯುತ್ತದೆ. ಅದನ್ನು ಹಿಡಿತದಲ್ಲಿಡಲು ಇರುವ ದಾರಿ ಎಂದರೆ ಲೇಸರ್ ಹಾದುಹೋಗಬೇಕಾದ ಪ್ಲಾಸ್ಟಿಕ್ ಪದರವನ್ನು ತೆಳ್ಳಗೆ ಮಾಡುವುದು. ಡಿವಿಡಿಯಲ್ಲಿ ದತ್ತಾಂಶವು ಮೇಲ್ಮೈಯಿಂದ 0.6 ಮಿಲಿಮೀಟರ್ ಆಳದಲ್ಲಿದೆ. ಬ್ಲೂ-ರೇಯಲ್ಲಿ ಅದನ್ನು 0.1 ಮಿಲಿಮೀಟರಿಗೆ ತಂದರು. ಇಷ್ಟು ತೆಳುವಾದ ಹೊದಿಕೆ ಇದ್ದರೆ ಒಂದು ಗೀರು ಬಿದ್ದರೂ ಕೆಲಸ ಕೆಡುತ್ತದೆ. ಅದಕ್ಕೇ 2003ರಲ್ಲಿ ಸೋನಿ ಜಪಾನಿನಲ್ಲಿ ಮಾರಿದ ಮೊದಲ ಬ್ಲೂ-ರೇ ರೆಕಾರ್ಡರಿನ ಡಿಸ್ಕುಗಳು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತೇ ಯಂತ್ರಕ್ಕೆ ಹೋಗುತ್ತಿದ್ದವು. ಆಮೇಲೆ ಟಿಡಿಕೆ ಕಂಪನಿ ಗಟ್ಟಿ ಲೇಪನವೊಂದನ್ನು ರೂಪಿಸಿದ್ದರಿಂದ ಆ ಡಬ್ಬಿ ಹೋಯಿತು. ಎಚ್‌ಡಿ ಡಿವಿಡಿಯವರು 0.6 ಮಿಲಿಮೀಟರನ್ನೇ ಉಳಿಸಿಕೊಂಡದ್ದರಿಂದ ಡಿವಿಡಿ ಅಚ್ಚು ಹಾಕುವ ಕಾರ್ಖಾನೆಗಳನ್ನು ಸ್ವಲ್ಪ ಬದಲಿಸಿದರೆ ಸಾಕಾಗುತ್ತಿತ್ತು. ಸೋತವರನ್ನು ದಡ್ಡರೆಂದು ಬಗೆಯುವುದು ಸುಲಭ. ಆದರೆ ಖರ್ಚಿನ ದೃಷ್ಟಿಯಿಂದ ಅದು ವಿವೇಕದ ತೀರ್ಮಾನವೇ ಆಗಿತ್ತು. ಅದರ ಬೆಲೆ ಎಂದರೆ ಒಂದು ಪದರಕ್ಕೆ 15 ಗಿಗಾಬೈಟಿನ ಆಸುಪಾಸಿನಲ್ಲೇ ಬಿದ್ದ ಗಡಿ.

ಪದರಗಳನ್ನು ಒಂದರ ಮೇಲೊಂದು ಪೇರಿಸಿದರೆ ಆ ಗಡಿಯನ್ನು ದಾಟಬಹುದು. ಎರಡು ಪದರದಲ್ಲಿ ಎಚ್‌ಡಿ ಡಿವಿಡಿ 30, ಬ್ಲೂ-ರೇ 50 ಆಯಿತು. ಘೋಷಣೆಗಳ ಸರಣಿ ಅಲ್ಲಿಂದ ಶುರುವಾಯಿತು. ಎರಡೂ ಮಾದರಿಗಳನ್ನು ಒಂದು ಮಾಡುವ ಮಾತುಕತೆ ನಡೆದಿದ್ದ 2005ರ ಮೇ ತಿಂಗಳಲ್ಲಿ ತೋಷಿಬಾ ಮೂರು ಪದರದ 45 ಗಿಗಾಬೈಟ್ ಡಿಸ್ಕನ್ನು ಪ್ರಕಟಿಸಿತು. ಅದೇ ವರ್ಷ ಟಿಡಿಕೆ ನಾಲ್ಕು ಪದರದ 100 ಗಿಗಾಬೈಟ್ ಬ್ಲೂ-ರೇ ಮಾದರಿಯನ್ನು ತೋರಿಸಿತು. 2006ರಲ್ಲಿ ಟಿಡಿಕೆ ಆರು ಪದರ ಪೇರಿಸಿ 200ಕ್ಕೆ ಹೋಯಿತು. 2007ರ ಆರಂಭದಲ್ಲಿ ತೋಷಿಬಾ ಪದರಕ್ಕೆ 17ರಂತೆ ಮೂರು ಪದರದಲ್ಲಿ 51 ಗಿಗಾಬೈಟ್ ಎಂದಿತು. 50ಕ್ಕಿಂತ ಒಂದೇ ಒಂದು ಹೆಚ್ಚು! ಇದು ಎಂಜಿನಿಯರು ಆರಿಸಿದ ಸಂಖ್ಯೆಯೋ ಜಾಹೀರಾತಿನವರು ಆರಿಸಿದ್ದೋ ಎಂಬ ಅನುಮಾನ ನನಗೆ ಇಂದಿಗೂ ಹೋಗಿಲ್ಲ. ಪದರ ಪೇರಿಸುವುದು ಹೇಳಿದಷ್ಟು ಸಲೀಸಲ್ಲ. ಕೆಳಗಿನ ಪದರವನ್ನು ಓದಬೇಕಾದ ಬೆಳಕು ಮೇಲಿನ ಪದರಗಳನ್ನೆಲ್ಲ ಹಾದು ಹೋಗಿ, ಪ್ರತಿಫಲಿಸಿ, ಮತ್ತೆ ಅವನ್ನೇ ಹಾದು ಹೊರಬರಬೇಕು. ಪದರ ಹೆಚ್ಚಿದಷ್ಟೂ ಹಿಂದಿರುಗುವ ಬೆಳಕು ಕ್ಷೀಣಿಸುತ್ತದೆ, ಪಕ್ಕದ ಪದರದ ಪ್ರತಿಫಲನ ಅದರೊಡನೆ ಬೆರೆಯುತ್ತದೆ. ಎರಡು ಪದರದ ಬ್ಲೂ-ರೇಯಲ್ಲಿ ಪದರಗಳ ನಡುವಿನ ಅಂತರ ಕೇವಲ 25 ಮೈಕ್ರಾನ್. 51 ಗಿಗಾಬೈಟಿನ ಡಿಸ್ಕನ್ನು ಆಗಲೇ ಮಾರಾಟವಾಗಿದ್ದ ಪ್ಲೇಯರುಗಳು ಓದುತ್ತವೆ ಎಂಬ ಖಾತ್ರಿ ಕೊಳ್ಳುಗರಿಗೆ ಸಿಗಲಿಲ್ಲ, ಆ ಡಿಸ್ಕು ಅಂಗಡಿಗೂ ಬರಲಿಲ್ಲ. 200 ಗಿಗಾಬೈಟಿನ ಬ್ಲೂ-ರೇಯ ಕಥೆಯೂ ಅಷ್ಟೇ. ಮನೆಯಲ್ಲಿರುವ ಯಂತ್ರ ಓದಲಾರದ ಗಿಗಾಬೈಟನ್ನು ನಾನು ಸಾಮರ್ಥ್ಯವೆಂದು ಎಣಿಸುವುದಿಲ್ಲ.

ಸಾಮರ್ಥ್ಯ ಹೆಚ್ಚಿದ್ದೂ ಚಿತ್ರ ಕಳಪೆಯಾಗಬಹುದು ಎಂಬುದನ್ನು 2006ರ ಬ್ಲೂ-ರೇಗಳೇ ತೋರಿಸಿದವು. ಆ ವರ್ಷದ ಏಪ್ರಿಲಿನಲ್ಲಿ ತೋಷಿಬಾದ ಪ್ಲೇಯರು, ಜೂನಿನಲ್ಲಿ ಸ್ಯಾಮ್‌ಸಂಗ್‌ನ ಬ್ಲೂ-ರೇ ಪ್ಲೇಯರು ಅಮೆರಿಕದ ಅಂಗಡಿಗಳಿಗೆ ಬಂದವು. ಮೊದಲ ಬ್ಲೂ-ರೇ ಸಿನಿಮಾಗಳು ಹೆಚ್ಚಾಗಿ ಒಂದೇ ಪದರದ ಡಿಸ್ಕಿನಲ್ಲಿ, ಡಿವಿಡಿ ಕಾಲದ ಎಂಪೆಗ್-2 ಕೋಡೆಕ್‌ನಲ್ಲಿ, ಅಂದರೆ ವಿಡಿಯೋ ಕುಗ್ಗಿಸುವ ಹಳೆಯ ವಿಧಾನದಲ್ಲಿ ಬಂದವು. ಸೆಕೆಂಡಿಗೆ 20 ಮೆಗಾಬಿಟ್‌ನಂತೆ ಎರಡು ಗಂಟೆಯ ಸಿನಿಮಾಕ್ಕೆ 18 ಗಿಗಾಬೈಟ್ ಬೇಕು, ಕುಗ್ಗಿಸದ 5.1 ಧ್ವನಿಗೆ ಸೆಕೆಂಡಿಗೆ 4.6 ಮೆಗಾಬಿಟ್‌ನಂತೆ ಮತ್ತೆ ನಾಲ್ಕು ಗಿಗಾಬೈಟ್. 25ರ ಡಿಸ್ಕು ಅಲ್ಲಿಗೇ ಬಹುತೇಕ ತುಂಬಿತು. ಎಚ್‌ಡಿ ಡಿವಿಡಿಯವರು ವಿಸಿ-1 ಎಂಬ ಹೊಸ ಕೋಡೆಕ್ಕನ್ನು 30 ಗಿಗಾಬೈಟಿನ ಎರಡು ಪದರದ ಡಿಸ್ಕಿಗೆ ಹಾಕಿದ್ದರಿಂದ, ಕಾಗದದ ಮೇಲೆ ಸಣ್ಣದಾಗಿದ್ದ ಡಿಸ್ಕಿನ ಚಿತ್ರವನ್ನೇ ವಿಮರ್ಶಕರು ಆಗ ಹೆಚ್ಚು ಮೆಚ್ಚಿದರು. ಬ್ಲೂ-ರೇಯವರು 50ರ ಡಿಸ್ಕಿಗೂ ಹೊಸ ಕೋಡೆಕ್‌ಗಳಿಗೂ ಬಂದ ಮೇಲೆ ಆ ಅಂತರ ಉಳಿಯಲಿಲ್ಲ. ಎಡಿಟಿಂಗ್ ಮೇಜಿನಲ್ಲಿ ಕುಳಿತವರಿಗೆ ಇದು ಹೊಸ ಪಾಠವೇನಲ್ಲ: ಒಂದೇ ಡಿವಿಡಿಯಲ್ಲಿ ಮೂರು ತಾಸಿನ ಮದುವೆ ಕೂಡಿಸಿ ಕೊಡಿ ಎಂದು ಹಟ ಹಿಡಿಯುವ ಗಿರಾಕಿಗೆ, ಅಕ್ಷತೆ ಬೀಳುವ ಹೊತ್ತಿಗೆ ಪರದೆಯ ತುಂಬ ಚೌಕಚೌಕವಾಗಿ ಒಡೆಯುವ ಚಿತ್ರವನ್ನು ತೋರಿಸಿಯೇ ನಾವು ಬಿಟ್‌ರೇಟ್ ಎಂದರೇನೆಂದು ತಿಳಿಸಿಕೊಡುತ್ತಿದ್ದೆವು.

ಆ ವರ್ಷಗಳಲ್ಲಿ ನಮ್ಮ ಕಡೆಯ ಪೇಟೆಗೆ ಈ ಯುದ್ಧದ ಸದ್ದೇ ತಲುಪಿರಲಿಲ್ಲ. ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದ್ದ ಕಾಲವದು. ಆ ಬೆಲೆಯ ಮುಂದೆ ನೀಲಿ ಲೇಸರಿನ ಯಾವ ಡಿಸ್ಕೂ ನಿಲ್ಲುವಂತಿರಲಿಲ್ಲ. ಹೊರಗೆ ಮಾತ್ರ ಕದನ ಬೇಗ ಮುಗಿಯಿತು. 2006ರ ನವೆಂಬರಿನಿಂದ ಸೋನಿಯ ಆಟದ ಪೆಟ್ಟಿಗೆಯಾದ ಪ್ರತಿ ಪ್ಲೇಸ್ಟೇಷನ್ 3ರ ಹೊಟ್ಟೆಯಲ್ಲೂ ಒಂದು ಬ್ಲೂ-ರೇ ಡ್ರೈವ್ ಮನೆ ಸೇರುತ್ತಿತ್ತು. 2008ರ ಜನವರಿ 4ರಂದು ಹಾಲಿವುಡ್ಡಿನ ಸಿನಿಮಾ ಸ್ಟುಡಿಯೋ ವಾರ್ನರ್ ತಾನು ಬ್ಲೂ-ರೇ ಕಡೆಗೆ ಎಂದಿತು, ಫೆಬ್ರವರಿ 19ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ಗಿಗಾಬೈಟಿನ ಅಂತರವೇ ಗೆಲ್ಲಿಸಿತು ಎಂದು ಹೇಳುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಸ್ಟುಡಿಯೋಗಳೂ ಆ ಆಟದ ಪೆಟ್ಟಿಗೆಯೂ ಬೇರೆ ಪಕ್ಷದಲ್ಲಿದ್ದಿದ್ದರೆ 30 ಗಿಗಾಬೈಟಿನಲ್ಲೂ ಸಿನಿಮಾಗಳು ಚೆನ್ನಾಗಿಯೇ ಓಡುತ್ತಿದ್ದವು.

ಎದುರಾಳಿ ಹೋದ ಮೇಲೆ ಬ್ಲೂ-ರೇಯ ಏರಿಕೆ ನಿಧಾನವಾಯಿತು, ಆದರೆ ಹೇಳಿದ್ದು ಅಂಗಡಿಗೂ ಬರತೊಡಗಿತು. 2008ರಲ್ಲಿ ಪಯೊನೀರ್ 16 ಪದರದ 400 ಗಿಗಾಬೈಟ್ ಡಿಸ್ಕನ್ನು ಪ್ರಯೋಗಾಲಯದಲ್ಲಿ ತೋರಿಸಿತು, ಅದು ಅಲ್ಲಿಯೇ ಉಳಿಯಿತು. 2010ರ ಬಿಡಿಎಕ್ಸ್ಎಲ್ ಮಾತ್ರ ನಿಜವಾದ ಸರಕು: ಮೂರು ಪದರಕ್ಕೆ 100, ನಾಲ್ಕು ಪದರಕ್ಕೆ 128 ಗಿಗಾಬೈಟ್. ಪದರಕ್ಕೆ 33ರ ಸುಮಾರಿಗೆ ಏರಿದ ಈ ಸಾಂದ್ರತೆಯೇ ಮುಂದೆ ಅಲ್ಟ್ರಾ ಎಚ್‌ಡಿ ಬ್ಲೂ-ರೇಯ 66 ಮತ್ತು 100 ಗಿಗಾಬೈಟ್ ಡಿಸ್ಕುಗಳಿಗೆ ಆಧಾರವಾಯಿತು. ಹಳೆಯ ಡ್ರೈವುಗಳು ಇವೆರಡನ್ನೂ ಓದುವುದಿಲ್ಲ. 2014ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಸೇರಿ ಎರಡೂ ಬದಿಗೆ ಮೂರು ಮೂರು ಪದರವಿರುವ 300 ಗಿಗಾಬೈಟಿನ ಆರ್ಕೈವಲ್ ಡಿಸ್ಕನ್ನು ಪ್ರಕಟಿಸಿದವು, ಮುಂದೆ 500, ಆಮೇಲೆ 1 ಟೆರಾಬೈಟ್ ಎಂದೂ ಹೇಳಿದವು. ಅದೇ ವರ್ಷ ಫೇಸ್‌ಬುಕ್ 10,000 ಬ್ಲೂ-ರೇ ಡಿಸ್ಕು ಹಿಡಿಯುವ, ಒಟ್ಟು ಒಂದು ಪೆಟಾಬೈಟಿನ ಕಪಾಟನ್ನು ಪ್ರದರ್ಶಿಸಿದಾಗ ಡಿಸ್ಕಿನ ಭವಿಷ್ಯ ಮನೆಗಳಲ್ಲಿಲ್ಲದಿದ್ದರೂ ಉಗ್ರಾಣಗಳಲ್ಲಿದೆ ಎಂದು ಅನೇಕರು ನಂಬಿದರು. 500 ಬಂದಿತು, ಟೆರಾಬೈಟ್ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಸೋನಿ ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನೇ ನಿಲ್ಲಿಸಿತು.

ನಮ್ಮ ಸ್ಟುಡಿಯೋದಲ್ಲಿ ಬ್ಲೂ-ರೇ ರೈಟರ್ ಇನ್ನೂ ಕೆಲಸ ಮಾಡುತ್ತಿರುವುದಕ್ಕೆ ಈ ಊರಿನದೇ ಕಾರಣವಿದೆ. ಹಳೆ ಬಾಗಲಕೋಟೆಯ ಒಂದು ಭಾಗ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ, ಆ ಓಣಿಗಳಲ್ಲಿ ನಡೆದ ಮದುವೆಗಳ ಕ್ಯಾಸೆಟ್ಟುಗಳಿಗೆ ಬೇರೆಯೇ ಬೆಲೆ ಬಂದಿದೆ. ನೋಡಲು ಬಂದವರು ಮದುಮಕ್ಕಳನ್ನು ಬಿಟ್ಟು ಅವರ ಹಿಂದಿನ ತಲೆಬಾಗಿಲು, ಕಟ್ಟೆ, ಎದುರು ಮನೆಯ ಮಾಡಿನಲ್ಲಿ ಚಿತ್ರವನ್ನು ನಿಲ್ಲಿಸಿ ಎನ್ನುತ್ತಾರೆ. ಅಂಥ ದೃಶ್ಯವನ್ನು ಕುಗ್ಗಿಸಿ ಇಡಲು ಮನಸ್ಸು ಬರುವುದಿಲ್ಲ. ಆದರೆ ಸಾಧಾರಣ ಡಿವಿ ಕ್ಯಾಸೆಟ್ ಗಂಟೆಗೆ ಸುಮಾರು 13 ಗಿಗಾಬೈಟ್ ಆಗುತ್ತದೆ, ಎರಡು ಕ್ಯಾಸೆಟ್ಟಿಗೆ 26. ಡಿಸ್ಕಿನ ಮೇಲೆ 25 ಎಂದು ಬರೆದಿದ್ದರೆ ಕಂಪ್ಯೂಟರ್ ಅದನ್ನು 23.3 ಎಂದು ತೋರಿಸುತ್ತದೆ. ತಯಾರಕರು ಗಿಗಾಬೈಟಿಗೆ ನೂರು ಕೋಟಿ ಬೈಟ್ ಹಿಡಿಯುತ್ತಾರೆ, ವಿಂಡೋಸ್ 107 ಕೋಟಿಗೂ ಹೆಚ್ಚು ಹಿಡಿಯುತ್ತದೆ. ಯಾವ ಲೆಕ್ಕ ಹಿಡಿದರೂ ಎರಡನೆಯ ಕ್ಯಾಸೆಟ್ಟಿನ ಬಾಲ ಹೊರಗೇ ಉಳಿಯುತ್ತದೆ. 100 ಗಿಗಾಬೈಟಿನ ಬಿಡಿಎಕ್ಸ್ಎಲ್‌ನಲ್ಲಿ ಏಳು ಕ್ಯಾಸೆಟ್ ಹಿಡಿಸುತ್ತವೆ ಎಂಬುದು ನನಗೆ ಗೊತ್ತಿದೆ. ಆದರೂ ನಾನು ಒಂದು ಕ್ಯಾಸೆಟ್ಟಿಗೆ ಒಂದರಂತೆ 25ರ ಡಿಸ್ಕನ್ನೇ ಬಳಸುತ್ತೇನೆ: ಒಂದು ಡಿಸ್ಕು ಕೆಟ್ಟರೆ ಹೋಗುವುದು ಒಂದೇ ಮದುವೆ, ಮೇಲಾಗಿ ಅದನ್ನು ಹಳೆಯ ಡ್ರೈವೂ ಹೊಸ ಡ್ರೈವೂ ಓದುತ್ತವೆ. ಕೊಳ್ಳುವಾಗ ಎಲ್‌ಟಿಎಚ್ ಎಂದು ಬರೆದಿರುವ ಅಗ್ಗದ ಡಿಸ್ಕುಗಳನ್ನು ಬಿಟ್ಟುಬಿಡಬೇಕು, ಏಕೆಂದರೆ ಅವುಗಳಲ್ಲಿರುವುದು ಡಿವಿಡಿಯಲ್ಲಿದ್ದಂಥ ಸಾವಯವ ಬಣ್ಣ. ಮಾಮೂಲಿ ಬಿಡಿ-ಆರ್‌ನ, ಅಂದರೆ ಒಮ್ಮೆ ಮಾತ್ರ ಬರೆಯಬಹುದಾದ ಖಾಲಿ ಬ್ಲೂ-ರೇ ಡಿಸ್ಕಿನ ಪದರ ನಿರವಯವ ವಸ್ತುವಿನದಾದ್ದರಿಂದ ಬೆಳಕಿಗೂ ಬಿಸಿಲಿಗೂ ಹೆಚ್ಚು ತಡೆಯುತ್ತದೆ. ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿರುತ್ತದೆ. ಖಾಲಿ ಡಿಸ್ಕುಗಳು ಇನ್ನೂ ಕೆಲವು ವರ್ಷ ಸಿಕ್ಕಾವು. ಓದುವ ಡ್ರೈವುಗಳೇ ಮೊದಲು ಪೇಟೆಯಿಂದ ಮರೆಯಾಗುವ ಲಕ್ಷಣ ಕಾಣುತ್ತಿರುವುದರಿಂದ, ಇರುವಾಗಲೇ ಒಂದು ಡ್ರೈವನ್ನು ಹೆಚ್ಚುವರಿಯಾಗಿ ಕೊಂಡು ಇಟ್ಟುಕೊಳ್ಳಿ ಎಂದು ಜೊತೆಯ ಸ್ಟುಡಿಯೋದವರಿಗೂ ಹೇಳುತ್ತಿದ್ದೇನೆ.